ತಕ್ಕಡಿಯ ಕೆಂಪು ಅಂಕಿ

ಸಕಲೇಶಪುರದ ಸೀಮೆಯಲ್ಲಿ ಕಾಫಿಯ ಕುಯ್ಲು ಆರಂಭವಾಗುವುದು ಮಳೆ ಹಿಂದೆಗೆದು ಚಳಿ ಇಳಿಯತೊಡಗಿದಾಗ. ಹೇಮಾವತಿಯ ಮೇಲಿನ ಮಂಜು ಕರಗುವ ಮೊದಲೇ ಆಳುಗಳು ಸೊಂಟಕ್ಕೆ ಚೀಲ ಕಟ್ಟಿಕೊಂಡು ಗಿಡಗಳ ನಡುವೆ ಇಳಿದಿರುತ್ತಾರೆ. ಸಂಜೆ ಹೊತ್ತಿಗೆ ಹಣ್ಣು ತುಂಬಿದ ಚೀಲಗಳು ತಕ್ಕಡಿಯ ಮುಂದೆ ಸಾಲುಗಟ್ಟುತ್ತವೆ. ಕುಯ್ದ ಕಿಲೋಗ್ರಾಮಿನ ಲೆಕ್ಕದಲ್ಲಿ ಕೂಲಿ ಕೊಡುವ ತೋಟಗಳಲ್ಲಿ ಆ ಗಳಿಗೆ ಬಹಳ ಮೌನದ್ದು. ಹಿಂದೆ ಎಲ್ಲರ ಕಣ್ಣೂ ತಕ್ಕಡಿಯ ಮುಳ್ಳಿನ ಮೇಲಿರುತ್ತಿತ್ತು. ಈಗಿನ ತಕ್ಕಡಿಗೆ ಮುಳ್ಳಿಲ್ಲ. ಪುಟ್ಟ ಗಾಜಿನ ಹಿಂದೆ ಕೆಂಪು ಅಂಕಿಗಳು ಹೊಳೆಯುತ್ತವೆ. ದಿನವಿಡೀ ಬಗ್ಗಿ ದುಡಿದ ಹೆಂಗಸಿಗೆ ಆ ಅಂಕಿಯೇ ಅಂದಿನ ಅನ್ನ.

ಆ ಕೆಂಪು ಬೆಳಕು ಬರುವುದು ಎಲ್‌ಇಡಿ ಎಂಬ ಕಿರುದೀಪದಿಂದ. ಆ ದೀಪದೊಳಗೆ ಅಡಗಿರುವ ಸಂಖ್ಯೆಯೊಂದಕ್ಕೂ ಅದು ತೋರಿಸುವ ಕಿಲೋಗ್ರಾಮಿಗೂ ನಂಟಿದೆ ಎಂದರೆ ವಾಚಕರಿಗೆ ಸೋಜಿಗವಾಗಬಹುದು. ಆ ನಂಟಿನ ಚರಿತ್ರೆ ಒಂದು ಶತಮಾನಕ್ಕೂ ಮಿಕ್ಕಿದ್ದು.

ಕಥೆ ಮೊದಲಾಗುವುದೂ ದೀಪದಿಂದಲೇ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬರ್ಲಿನ್ ನಗರದ ಅಳತೆಯ ಸರಕಾರಿ ಸಂಸ್ಥೆಯಲ್ಲಿ, ಕಾದ ವಸ್ತು ಯಾವ ಬಣ್ಣದ ಬೆಳಕನ್ನು ಎಷ್ಟೆಷ್ಟು ಚೆಲ್ಲುತ್ತದೆ ಎಂಬುದನ್ನು ಬಹು ಎಚ್ಚರಿಕೆಯಿಂದ ಅಳೆಯುತ್ತಿದ್ದರು. ವಿದ್ಯುದ್ದೀಪಗಳ ಪ್ರಕಾಶಕ್ಕೊಂದು ಪ್ರಮಾಣ ಬೇಕಾಗಿದ್ದುದು ಇದಕ್ಕೆ ಒಂದು ಕಾರಣ. ದೊರೆತ ಅಳತೆಗಳು ಅಂದಿನ ಸಿದ್ಧಾಂತಗಳಿಗೆ ಹೊಂದಲಿಲ್ಲ. 1900ರ ಅಕ್ಟೋಬರಿನಲ್ಲಿ ಮ್ಯಾಕ್ಸ್ ಪ್ಲಾಂಕ್ ಎಂಬ ವಿದ್ವಾಂಸರು ಅಳತೆಗಳಿಗೆ ಒಪ್ಪುವ ಸೂತ್ರವೊಂದನ್ನು ಮುಂದಿಟ್ಟರು. ಅದಕ್ಕೆ ಅರ್ಥ ಹುಡುಕಲು ಹೊರಟವರು, ಡಿಸೆಂಬರ್ 14ರಂದು, ತಮಗೇ ಅಷ್ಟಾಗಿ ರುಚಿಸದ ಮಾತನ್ನು ಹೇಳಬೇಕಾಯಿತು: ಶಕ್ತಿಯ ವಿನಿಮಯ ಹೊಳೆಯ ನೀರಿನಂತೆ ಅಖಂಡವಾಗಿ ನಡೆಯುವುದಿಲ್ಲ, ಕಾಳಿನಂತೆ ಎಣಿಕೆಯಲ್ಲಿ ನಡೆಯುತ್ತದೆ. ಕಾಳಿನ ಗಾತ್ರವನ್ನು ಗೊತ್ತುಮಾಡುವ ಸಂಖ್ಯೆಗೆ ಇಂದು ಪ್ಲಾಂಕ್ ಸ್ಥಿರಾಂಕವೆಂದು ಹೆಸರು. ದಶಮಾಂಶ ಬಿಂದುವಿನ ಮುಂದೆ 33 ಸೊನ್ನೆ ಬರೆದು ಅನಂತರ 6626 ಎಂದು ಬರೆದರೆ, ಜೂಲ್-ಸೆಕೆಂಡುಗಳಲ್ಲಿ ಅದರ ಬೆಲೆ ಸುಮಾರಾಗಿ ದೊರೆಯುತ್ತದೆ. ಪ್ಲಾಂಕರಿಗೆ ಅಂದು ದೊರೆತದ್ದು 655. ನೂರಕ್ಕೆ ಒಂದರಷ್ಟು ಮಾತ್ರ ಕಡಿಮೆ.

1905ರಲ್ಲಿ ಐನ್‌ಸ್ಟೈನರು ಇನ್ನೂ ಮುಂದೆ ಹೋಗಿ, ಬೆಳಕೇ ಇಂಥ ಕಾಳುಗಳಿಂದಾಗಿದೆ ಎಂದರು. ಅಮೆರಿಕದ ಮಿಲಿಕನ್ನರಿಗೆ ಈ ಮಾತು ಹಿಡಿಸಲಿಲ್ಲ. ಇದನ್ನು ಸುಳ್ಳು ಮಾಡಬೇಕೆಂದೇ ಹೊರಟು, ನಿರ್ವಾತವಾದ ಗಾಜಿನ ಪಾತ್ರೆಯೊಳಗೆ ಲೋಹವನ್ನು ಹೆರೆದು, ಅದರ ಮೇಲೆ ಬಣ್ಣಬಣ್ಣದ ಬೆಳಕು ಬೀಳಿಸಿ, ಹತ್ತು ವರ್ಷ ದುಡಿದರು. ಅವರ ಅಳತೆ ಐನ್‌ಸ್ಟೈನರ ಸಮೀಕರಣವನ್ನೇ ಸ್ಥಾಪಿಸಿತು. 1916ರಲ್ಲಿ ಅವರು ಅದನ್ನು ಮುಚ್ಚುಮರೆಯಿಲ್ಲದೆ ಪ್ರಕಟಿಸಿದರು. ತನ್ನ ಮನಸ್ಸಿಗೆ ಬಾರದ ಅಂಕಿಯನ್ನೂ ಅಳತೆಗಾರ ಬರೆದಿಡಬೇಕೆಂಬ ಧರ್ಮಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಅಪರೂಪ.

ಮಿಲಿಕನ್ನರದು ಬೆಳಕಿನಿಂದ ವಿದ್ಯುತ್ತಿಗೆ ಹೋಗುವ ದಾರಿ. ವಿದ್ಯುತ್ತಿನಿಂದ ಬೆಳಕಿಗೆ ಬರುವ ದಾರಿಯೂ ಉಂಟು. 1907ರಲ್ಲಿ ರೌಂಡ್ ಎಂಬ ಆಂಗ್ಲ ಇಂಜಿನಿಯರರು, ಕಾರ್ಬೊರಂಡಮ್ ಹರಳಿಗೆ ವಿದ್ಯುತ್ತು ಹಾಯಿಸಿದಾಗ ಅದು ಮಿನುಗಿತೆಂದು ಪತ್ರಿಕೆಯೊಂದಕ್ಕೆ ಚಿಕ್ಕ ಟಿಪ್ಪಣಿ ಬರೆದರು. ರಷ್ಯದ ಒಲೆಗ್ ಲೋಸೆವ್ 1920ರ ದಶಕದಲ್ಲಿ ಇದನ್ನು ಬಿಡದೆ ಅಭ್ಯಾಸಮಾಡಿ, ಇದು ಐನ್‌ಸ್ಟೈನರು ಹೇಳಿದ ಕ್ರಿಯೆಯ ತಿರುವುಮುರುವು ಎಂದು ಕಂಡುಕೊಂಡರು. ಆದರೆ 1942ರಲ್ಲಿ, ಮುತ್ತಿಗೆಗೆ ಸಿಕ್ಕಿದ ಲೆನಿನ್‌ಗ್ರಾಡಿನಲ್ಲಿ, 38ರ ವಯಸ್ಸಿಗೆ ಅವರು ಹಸಿವಿನಿಂದ ತೀರಿಕೊಂಡರು. ಅವರ ಕೆಲಸವನ್ನು ಲೋಕ ಬಹುಕಾಲ ಮರೆತಿತ್ತು. 1962ರಲ್ಲಿ ಅಮೆರಿಕದ ಹೊಲೊನ್ಯಾಕ್ ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿಯನ್ನು ಮಾಡಿದರು. ನೀಲಿ ಬಣ್ಣ ಬಹುಕಾಲ ಕೈಗೆ ಎಟುಕಲಿಲ್ಲ. ಪ್ರಖರವಾದ ನೀಲಿ ದೀಪ ಬಂದದ್ದು 1990ರ ದಶಕದಲ್ಲಿ. ಅದನ್ನು ಸಾಧ್ಯಮಾಡಿದ ಅಕಸಾಕಿ, ಅಮಾನೊ, ನಕಮುರ ಅವರಿಗೆ 2014ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಇಂದು ನಮ್ಮ ಮನೆಗಳನ್ನು ಬೆಳಗುವ ಬಿಳಿಯ ಬಲ್ಬು ಆ ನೀಲಿಯ ಸಂತಾನ.

ಇನ್ನು ಆಲೂರಿನ ಗುಡ್ಡದ ಮಗ್ಗುಲಿನ ಒಂದು ಮನೆಯನ್ನು ಊಹಿಸಿಕೊಳ್ಳಿ. ಆಷಾಢದ ಮಳೆ ಹಿಡಿದಿದೆ, ಕರೆಂಟು ಹೋಗಿದೆ. ಕಾಲೇಜಿಗೆ ಹೋಗುವ ಮಗಳು ಮೇಜಿನ ಮೇಲೆ ಟಾರ್ಚಿನ ಮೂರು ಸೆಲ್ಲು, ಕೆಲವು ರೂಪಾಯಿಗಳಿಗೆ ಸಿಗುವ ಕೆಂಪು, ಹಸಿರು, ನೀಲಿ ಎಲ್‌ಇಡಿಗಳು, ಒಂದು ರೆಸಿಸ್ಟರು, ವೋಲ್ಟನ್ನು ಏರಿಸಿ ಇಳಿಸಲು ಒಂದು ತಿರುಪು, ಒಂದು ಮೀಟರು, ಇಷ್ಟನ್ನು ಹರಡಿಕೊಂಡಿದ್ದಾಳೆ. ತಿರುಪನ್ನು ಮೆಲ್ಲಗೆ ತಿರುಗಿಸುತ್ತಾಳೆ. ಕತ್ತಲು, ಕತ್ತಲು, ಒಂದು ಹಂತದಲ್ಲಿ ಕೆಂಪು ದೀಪ ಮಿಣುಕೆನ್ನುತ್ತದೆ. ಮೀಟರು 1.9 ವೋಲ್ಟು ತೋರಿಸಿತೆನ್ನೋಣ. ಹಸಿರಿಗೆ ಅಷ್ಟು ಸಾಲದು, 2.3 ಬೇಕು, ನೀಲಿಗೆ 2.5.

ಕಾರಣ ಸರಳ. ದೀಪದೊಳಗೆ ಒಂದು ಇಲೆಕ್ಟ್ರಾನು ಇಳಿದಾಗ ಬೆಳಕಿನ ಒಂದು ಕಾಳು ಹುಟ್ಟುತ್ತದೆ. ನೀಲಿಯ ಕಾಳಿನಲ್ಲಿ ಶಕ್ತಿ ಹೆಚ್ಚು. ಆದ್ದರಿಂದ ಇಲೆಕ್ಟ್ರಾನನ್ನು ಹೆಚ್ಚು ಎತ್ತರಕ್ಕೆ, ಅಂದರೆ ಹೆಚ್ಚು ವೋಲ್ಟಿಗೆ ಏರಿಸಬೇಕು. ಬೆಳಕಿನ ಅಲೆಯ ಉದ್ದ ಕೆಂಪಿಗೆ 630 ನ್ಯಾನೋಮೀಟರು, ಹಸಿರಿಗೆ 525, ನೀಲಿಗೆ 470 ಇದ್ದರೆ, ಒಂದೊಂದನ್ನೂ ಅದರದರ ವೋಲ್ಟಿನಿಂದ ಗುಣಿಸಿ ನೋಡಿ: 1197, 1207.5, 1175. ಬಣ್ಣ ಮೂರಾದರೂ ಗುಣಲಬ್ಧ ಹೆಚ್ಚು ಕಡಿಮೆ ಒಂದೇ! ಇದನ್ನು ಇಲೆಕ್ಟ್ರಾನಿನ ವಿದ್ಯುದಂಶದಿಂದ ಗುಣಿಸಿ ಬೆಳಕಿನ ವೇಗದಿಂದ ಭಾಗಿಸಿದರೆ ಪ್ಲಾಂಕ್ ಸ್ಥಿರಾಂಕ ಕೈಗೆ ಬಂತು. ಲೋಕ ಒಪ್ಪಿದ ಬೆಲೆಗೆ ಆ ಗುಣಲಬ್ಧ 1240 ಆಗಬೇಕು.

ಈ ಕೊರತೆಯೇ ಹುಡುಗಿಯ ಪರೀಕ್ಷೆ. ಉತ್ತರ ಪುಸ್ತಕದಲ್ಲಿದೆ, ಅದಕ್ಕೆ ತಕ್ಕಂತೆ ರೀಡಿಂಗುಗಳನ್ನು ಹಿಂದುಮುಂದಾಗಿ ಬರೆದುಬಿಡುವ ಚಾಳಿ ನಮ್ಮ ಪ್ರಯೋಗಶಾಲೆಗಳಿಗೆ ಹೊಸದೇನಲ್ಲ. ಹಾಗೆ ಬರೆದರೆ ಅಂಕ ದೊರೆತೀತು, ಅರಿವು ತಪ್ಪೀತು. ಕಾವಿನ ನೆರವಿನಿಂದ ಕೆಲವು ಇಲೆಕ್ಟ್ರಾನುಗಳು ತುಸು ಮೊದಲೇ ಮಿತಿ ದಾಟುತ್ತವೆ. ಕತ್ತಲೆಗೆ ಪಳಗಿದ ಕಣ್ಣಿಗೆ ಆ ಅಲ್ಪ ಮಿನುಗೂ ಕಂಡುಬಿಡುತ್ತದೆ. ಹಗಲಲ್ಲಿ ನೋಡಿದರೆ ಅಂಕಿಯೇ ಬೇರೆ. ಕೊರತೆಯನ್ನು ಅಳಿಸಿಹಾಕದೆ ಅದರ ಬೆನ್ನುಹತ್ತಿದವರಿಗೆ ಮಾತ್ರ ಈ ಸಂಗತಿಗಳು ತಿಳಿಯುತ್ತವೆ.

ಈಗ ತಕ್ಕಡಿಗೆ ಮರಳೋಣ. ಸೇರು, ಕೊಳಗಗಳ ಕಾಲದಲ್ಲಿ ಒಂದೂರಿನ ಅಳತೆ ಇನ್ನೊಂದೂರಿಗೆ ಸಲ್ಲುತ್ತಿರಲಿಲ್ಲ. ಕೊಡುವ ಕೊಳಗ ಬೇರೆ, ಕೊಳ್ಳುವ ಕೊಳಗ ಬೇರೆ ಎಂಬ ಗೊಣಗಾಟವನ್ನು ಹಿರಿಯರಿಂದ ಕೇಳಿದವರಿದ್ದಾರೆ. 1956ರ ಕಾನೂನು ದೇಶಕ್ಕೆಲ್ಲ ಮೆಟ್ರಿಕ್ ಪದ್ಧತಿಯನ್ನು ತಂದಿತು. 1958ರಿಂದ ಕಿಲೋಗ್ರಾಂ ಹಂತಹಂತವಾಗಿ ಸಂತೆಗೆ ಇಳಿಯಿತು. ಆದರೆ ಆ ಕಿಲೋಗ್ರಾಮಿನ ತಾಯಿಬೊಟ್ಟು ಪ್ಯಾರಿಸ್ಸಿನ ಬಳಿ ಬೀಗದೊಳಗಿದ್ದ ಪ್ಲಾಟಿನಮ್-ಇರಿಡಿಯಮ್ ಲೋಹದ ಒಂದು ಉರುಳೆ. ಅದರ 57ನೆಯ ಪ್ರತಿ ನಮ್ಮ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಶಾಲೆಯಲ್ಲಿದೆ. ಶತಮಾನದ ಅವಧಿಯಲ್ಲಿ ಮೂಲಕ್ಕೂ ಹಲವು ಪ್ರತಿಗಳಿಗೂ ನಡುವೆ ಸುಮಾರು 50 ಮೈಕ್ರೋಗ್ರಾಮಿನಷ್ಟು ಅಂತರ ಬಿತ್ತು. ಬದಲಾದದ್ದು ಮೂಲವೋ ಪ್ರತಿಯೋ, ಹೇಳುವವರಾರು? ಕೊಳಗದ ಹಳೆಯ ತಕರಾರು ಪ್ಯಾರಿಸ್ಸಿಗೂ ತಲುಪಿತ್ತು.

ಅದಕ್ಕೆ ದೊರೆತ ಪರಿಹಾರ ಪ್ಲಾಂಕರ ಸಂಖ್ಯೆ. ಬ್ರಿಟನ್ನಿನ ಕಿಬಲ್ ಎಂಬುವರು 1975ರಲ್ಲಿ ಕಲ್ಪಿಸಿದ ತಕ್ಕಡಿ, ಒಂದು ತಟ್ಟೆಯ ತೂಕವನ್ನು ವಿದ್ಯುತ್ತಿನ ಬಲದಿಂದ ಸರಿದೂಗಿಸುತ್ತದೆ; ಆ ವಿದ್ಯುತ್ತಿನ ಅಳತೆ ಪ್ಲಾಂಕ್ ಸ್ಥಿರಾಂಕಕ್ಕೆ ಬಂದು ನಿಲ್ಲುತ್ತದೆ. 2018ರ ನವೆಂಬರಿನಲ್ಲಿ ವರ್ಸೈಲ್ಸಿನಲ್ಲಿ ರಾಷ್ಟ್ರಗಳು ಕೂಡಿ ನಿರ್ಣಯಿಸಿದಂತೆ, 2019ರ ಮೇ 20ರಿಂದ ಆ ಸಂಖ್ಯೆಯನ್ನು 662607015 ಎಂಬ ಅಂಕಿಗಳಿಗೆ ಕಟ್ಟಿ ನಿಲ್ಲಿಸಲಾಗಿದೆ. ಕಿಲೋಗ್ರಾಂ ಅದರಿಂದ ಹುಟ್ಟುತ್ತದೆ. ಬೀಗದೊಳಗಿನ ಲೋಹಕ್ಕೆ ನಿವೃತ್ತಿಯಾಯಿತು.

ಹಾಗಾದರೆ ಆಲೂರಿನ ಹುಡುಗಿ ಅಳೆದದ್ದೇನು? ಸಂಖ್ಯೆ ಆಗಲೇ ನಿಶ್ಚಯವಾಗಿದೆಯಲ್ಲ! ಆಕೆ ಅಳೆದದ್ದು ತನ್ನ ಮೀಟರನ್ನು, ತನ್ನ ಕಣ್ಣನ್ನು, ತನ್ನ ಪ್ರಾಮಾಣಿಕತೆಯನ್ನು. ಜಗತ್ತಿನ ಪ್ರಮಾಣ ಯಾರದೋ ಬೀಗದಲ್ಲಿಲ್ಲ, ತನ್ನ ಮನೆಯ ಮೇಜಿನ ಮೇಲೂ ಇದೆ ಎಂಬುದನ್ನು ಕಣ್ಣಾರೆ ಕಂಡಳು. ಇದು ಸಣ್ಣ ಲಾಭವಲ್ಲ.

ಆದರೂ ಒಂದು ಮಾತು ಉಳಿಯುತ್ತದೆ. ಪ್ರಮಾಣ ಅಚಲವಾದ ಮಾತ್ರಕ್ಕೆ ತಕ್ಕಡಿ ನ್ಯಾಯವಾಗದು. ಸಂಜೆ ಮಂಜಿನಲ್ಲಿ ಚೀಲ ಇಳಿಸಿ ನಿಂತ ಹೆಂಗಸಿನ ಪಾಲಿಗೆ, ತಕ್ಕಡಿಗೆ ಮುದ್ರೆ ಬಿದ್ದಿದೆಯೇ, ಅಂಕಿ ಸೊನ್ನೆಯಿಂದ ಆರಂಭವಾಯಿತೇ, ಬರೆದುಕೊಳ್ಳುವ ಕೈ ಕಂಡದ್ದನ್ನೇ ಬರೆಯಿತೇ ಎಂಬುದೇ ಮುಖ್ಯ. ಅಲ್ಲಿಯವರೆಗಿನ ಕೆಲಸವನ್ನು ವಿಜ್ಞಾನ ಮಾಡಿಕೊಟ್ಟಿದೆ. ಮುಂದಿನದು ಮನುಷ್ಯನದು.