ಬ್ರೇಕಿನ ಮಿಡಿತ

ಕಳೆದ ತಿಂಗಳು ಚನ್ನಗಿರಿಯಿಂದ ಹೊನ್ನಾಳಿಯ ಮೇಲೆ ನ್ಯಾಮತಿಗೆ ಕಾರಿನಲ್ಲಿ ಹೊರಟಿದ್ದೆ. ಹಿಂದೆ ಮೊಮ್ಮಗಳು ಮಲಗಿದ್ದಳು. ಹೊನ್ನಾಳಿಯ ಹತ್ತಿರ ಎತ್ತಿನ ಗಾಡಿಯೊಂದು ಅಡ್ಡ ಬಂತು. ಮೆಲ್ಲಗೆ ಬ್ರೇಕು ತುಳಿದರೂ ಪೆಡಲು ಜ್ವರದವನ ನಾಡಿಯಂತೆ ಕಾಲಡಿ ಮಿಡಿಯಿತು! ಕಾರು ನಿಂತಿತು, ಎದೆಯ ನಡುಕ ನ್ಯಾಮತಿಯವರೆಗೂ ನಿಲ್ಲಲಿಲ್ಲ.

ನಮ್ಮ ಹಿರಿಯರು ಈ ಕಾಟವನ್ನು ಹೆಚ್ಚು ಕಂಡವರಲ್ಲ. 1958ರ ಅಂಬಾಸಡರಿಗೆ ನಾಲ್ಕೂ ಗಾಲಿಗೆ ಡ್ರಮ್ ಬ್ರೇಕೇ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಡಿಸ್ಕ್ ಬ್ರೇಕಿಗೆ ಪೇಟೆಂಟು ಪಡೆದದ್ದು 1902ರಲ್ಲೇ. ಲೋಕ ಅದನ್ನು ನಂಬಿದ್ದು 1953ರಲ್ಲಿ, ಜಾಗ್ವಾರ್ ಕಾರು ಅದರ ಬಲದಿಂದ ಫ್ರಾನ್ಸಿನ ಲಮಾನ್ ಪಂದ್ಯ ಗೆದ್ದ ಮೇಲೆ. ಡಿಸ್ಕು ಬೇಗ ತಣಿಯುತ್ತದೆ. ಆದರೆ ಕೂದಲೆಳೆಯಷ್ಟು ಓರೆಯನ್ನೂ ಸಹಿಸದು.

ನ್ಯಾಮತಿಯ ಮೇಸ್ತ್ರಿ ಕೇಳಿದ: “ಸ್ಟೇರಿಂಗೂ ನಡುಗ್ತೈತಾ ಸಾರ್?”

“ಹೌದಪ್ಪ.”

“ಹಂಗಾದ್ರೆ ಮುಂದಿನ ಗಾಲಿದೇ.”

ಗಾಲಿ ಬಿಚ್ಚಿ ಡಯಲ್ ಗೇಜಿನಿಂದ ಅಳೆದ. ಡಿಸ್ಕು 0.1 ಮಿಲಿಮೀಟರಿಗಿಂತ ಹೆಚ್ಚು ಓಲಾಡುತ್ತಿತ್ತು. ಕಾಯ್ದು ಡೊಂಕಾಯಿತೆಂದು ಬಹುಮಂದಿ ತಿಳಿಯುವುದುಂಟು. ನಿಜ ಬೇರೆ. ಐದಾರು ತಿಂಗಳ ಹಿಂದೆ ಜಗಳೂರಿನಲ್ಲಿ ಪಂಕ್ಚರಾದಾಗ ನಾನೇ ಅವಸರದಲ್ಲಿ ನಟ್ಟುಗಳನ್ನು ಒದ್ದು ಬಿಗಿದಿದ್ದೆ! ಹಬ್ಬಿನ ತುಕ್ಕೂ ಸೇರಿ ಡಿಸ್ಕು ಓರೆಯಾಗಿ ಕೂತು, ಸುತ್ತುತ್ತ ಒಂದೆಡೆ ಸವೆದು ತೆಳ್ಳಗಾಗಿತ್ತು. ದಪ್ಪ ಭಾಗ ಬಂದಾಗಲೆಲ್ಲ ಪ್ಯಾಡು ಹಿಂದೆ ಸರಿದು, ಬ್ರೇಕಿನ ಎಣ್ಣೆಯನ್ನು ತಳ್ಳಿ, ಪೆಡಲನ್ನು ಎತ್ತುತ್ತಿತ್ತು.

ಆತ ತುಕ್ಕು ಉಜ್ಜಿ, ಎರಡೂ ಕಡೆ ಹೊಸ ಡಿಸ್ಕು, ಪ್ಯಾಡು ಹಾಕಿ, ನಟ್ಟುಗಳನ್ನು ಎದುರುಬದುರಾಗಿ, ಟಾರ್ಕ್ ರೆಂಚಿನಿಂದ ಅಳೆದು ಬಿಗಿದ.

ಎ.ಬಿ.ಎಸ್. ಇರುವ ಕಾರು ಥಟ್ಟನೆ ತುಳಿದಾಗ ಮಿಡಿದರೆ ಅದು ರೋಗವಲ್ಲ. ಮೆಲ್ಲಗೆ ತುಳಿದಾಗಲೂ ಮಿಡಿದರೆ, ವಾಚಕರೇ, ತಡಮಾಡಬೇಡಿ. ಹಿಂದಿನ ಸೀಟಿನಲ್ಲಿ ಯಾರೋ ನಮ್ಮನ್ನು ನಂಬಿ ಮಲಗಿರುತ್ತಾರೆ.