ತೊಟ್ಟಿಲು ಮತ್ತು ದಂಡ ಸಂಹಿತೆ

ಕುಂತಿ ಕರ್ಣನನ್ನು ಹೊಳೆಯಲ್ಲಿ ತೇಲಿಬಿಟ್ಟಳು. ಮೇನಕೆ ಶಕುಂತಲೆಯನ್ನು ಕಾಡಿನಲ್ಲಿ ಬಿಟ್ಟು ಹೋದಳು. ಈ ಕಥೆಗಳನ್ನು ಹೇಳುವಾಗ ನಾವು ತಾಯಂದಿರನ್ನು ಮರೆಯುವುದಿಲ್ಲ. ಸೂರ್ಯನನ್ನಾಗಲಿ ವಿಶ್ವಾಮಿತ್ರನನ್ನಾಗಲಿ ಹೊಣೆ ಹಿಡಿಯುವವರು ಮಾತ್ರ ವಿರಳ. ಕೂಸನ್ನು ತ್ಯಜಿಸುವ ಅಪರಾಧದ ಚರಿತ್ರೆಯೂ ನಮ್ಮ ದೇಶದಲ್ಲಿ ಬಹುಮಟ್ಟಿಗೆ ಹೀಗೆಯೇ ನಡೆದು ಬಂದಿದೆ.

ಅಕ್ಷರದ ಮಟ್ಟಿಗೆ ಕಾನೂನು ಪಕ್ಷಪಾತಿಯಲ್ಲ. 1860ರಲ್ಲಿ ರಚಿತವಾಗಿ 1862ರ ಜನವರಿ 1ರಂದು ಜಾರಿಗೆ ಬಂದ ಭಾರತೀಯ ದಂಡ ಸಂಹಿತೆಯ 317ನೆಯ ಕಲಮನ್ನು ನೋಡಿ. 12 ವರ್ಷದೊಳಗಿನ ಮಗುವನ್ನು ಸಂಪೂರ್ಣವಾಗಿ ತ್ಯಜಿಸುವ ಉದ್ದೇಶದಿಂದ ಎಲ್ಲಿಯಾದರೂ ಬಿಟ್ಟು ಹೋದವರು ತಂದೆಯಾಗಲಿ, ತಾಯಿಯಾಗಲಿ, ಪಾಲಕರಾಗಲಿ, 7 ವರ್ಷದವರೆಗೆ ಸೆರೆ, ಇಲ್ಲವೆ ಜುಲ್ಮಾನೆ, ಇಲ್ಲವೆ ಎರಡೂ. ಮಗು ಸತ್ತರೆ ಕೊಲೆಯ ಆಪಾದನೆಯನ್ನೇ ಹೊರಿಸಲು ಅಡ್ಡಿಯಿಲ್ಲವೆಂಬ ವಿವರಣೆಯೂ ಉಂಟು. ಸತ್ತ ಕೂಸಿನ ದೇಹವನ್ನು ಗುಟ್ಟಾಗಿ ಹೂತು ಜನನವನ್ನು ಮರೆಮಾಚಿದವರಿಗೆ ಮುಂದಿನ ಕಲಮು 2 ವರ್ಷದವರೆಗಿನ ಸೆರೆಯನ್ನು ಗೊತ್ತುಮಾಡಿತು.

ಆದರೆ ಬಸಿರಿನ ಸಾಕ್ಷ್ಯವಿರುವುದು ತಾಯಿಯ ಮೈಯಲ್ಲಿ. ತಂದೆ ಜನಸಂದಣಿಯಲ್ಲಿ ಕರಗಿ ಹೋಗಬಲ್ಲ. 1856ರ ಕಾಯಿದೆ ವಿಧವಾ ವಿವಾಹಕ್ಕೆ ಮಾನ್ಯತೆ ಕೊಟ್ಟಿತ್ತಾದರೂ ಮೇಲುಜಾತಿಯ ಮನೆಗಳು ಕೊಡಲಿಲ್ಲ. ಬಸಿರಾದ ವಿಧವೆಗೆ ಒಂದು ಕಡೆ ಬಹಿಷ್ಕಾರ, ಇನ್ನೊಂದು ಕಡೆ ಸೆರೆಮನೆ.

ಈ ಇಕ್ಕಟ್ಟನ್ನು ಕಂಡವರು ಪುಣೆಯ ಜೋತಿರಾವ್ ಮತ್ತು ಸಾವಿತ್ರಿಬಾಯಿ ಫುಲೆ. ದಂಡ ಸಂಹಿತೆ ಜಾರಿಗೆ ಬಂದ ಮರುವರ್ಷವೇ, 1863ರಲ್ಲಿ, ಅವರು ಶಿಶುಹತ್ಯಾ ಪ್ರತಿಬಂಧಕ ಗೃಹವೊಂದನ್ನು ತೆರೆದರು. ವಿಧವೆಯರು ಗುಟ್ಟಾಗಿ ಬಂದು ಹೆರಬಹುದು. ಕೂಸನ್ನು ಕೊಂಡೊಯ್ಯುವುದೂ ಅಲ್ಲಿಯೇ ಬಿಡುವುದೂ ಅವರ ಇಚ್ಛೆ ಎಂದು ಪ್ರಕಟಣೆ ಅಂಟಿಸಿದರು. ವಿಧವೆಯೊಬ್ಬಳ ಮಗನನ್ನು ತಾವೇ ದತ್ತು ಪಡೆದರು. ಆತನೇ ಯಶವಂತ, ಬೆಳೆದು ವೈದ್ಯನಾದನು. 1897ರ ಪ್ಲೇಗಿನಲ್ಲಿ ಆತ ರೋಗಿಗಳಿಗೆ ಮದ್ದು ಮಾಡುತ್ತಿದ್ದಾಗ, ಸಾವಿತ್ರಿಬಾಯಿ ಅವರ ಶುಶ್ರೂಷೆ ಮಾಡುತ್ತಲೇ ತೀರಿಕೊಂಡರು.

ಅಂಥ ಬಾಗಿಲು ಎಲ್ಲ ಊರಿನಲ್ಲಿಯೂ ಇರಲಿಲ್ಲ. 1881ರಲ್ಲಿ ಸೂರತ್ತಿನ ವಿಜಯಲಕ್ಷ್ಮಿ ಎಂಬ ವಿಧವೆಗೆ ಕೂಸನ್ನು ಕೊಂದಳೆಂದು ಗಲ್ಲಿನ ಶಿಕ್ಷೆಯಾಯಿತು. ಮೇಲ್ಮನವಿಯಲ್ಲಿ ಅದು ಇಳಿಯಿತು. ಪತ್ರಿಕೆಗಳು ಹೆಂಗಸರ ಶೀಲವನ್ನು ಹಳಿದವು. ಕೆರಳಿದ ತಾರಾಬಾಯಿ ಶಿಂದೆ 1882ರಲ್ಲಿ ‘ಸ್ತ್ರೀ ಪುರುಷ ತುಲನಾ’ ಬರೆದು, ದೋಷವೆಲ್ಲ ಹೆಣ್ಣಿನದೇ ಹೇಗಾದೀತೆಂದು ಗಂಡಸರನ್ನೇ ಪ್ರಶ್ನಿಸಿದರು.

ಫುಲೆ ದಂಪತಿಗಳು ತೋರಿಸಿದ ದಾರಿಯನ್ನು ಕಾನೂನಿನ ಪುಸ್ತಕ ಹಿಡಿದುದು ತಡವಾಗಿ. 1992ರಲ್ಲಿ ಹೆಣ್ಣು ಶಿಶುಗಳ ಹತ್ಯೆಯನ್ನು ತಡೆಯಲು ತಮಿಳುನಾಡು ಸರಕಾರ ಸೇಲಂನಲ್ಲಿ ತೊಟ್ಟಿಲು ಯೋಜನೆಯನ್ನು ಆರಂಭಿಸಿತು. 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ, ಸಾಕಲಾರದವರು ಮಕ್ಕಳ ಕಲ್ಯಾಣ ಸಮಿತಿಗೆ ಮಗುವನ್ನು ಒಪ್ಪಿಸಬಹುದು. ಮನಸ್ಸು ಬದಲಾಯಿಸಲು 2 ತಿಂಗಳ ಅವಕಾಶವೂ ಉಂಟು. ಕೈಮೀರಿದ ಪರಿಸ್ಥಿತಿಯಲ್ಲಿ ಹೆತ್ತವರು ಮಗುವನ್ನು ತ್ಯಜಿಸಿದ್ದರೆ ಆ ಕಾಯಿದೆಯ 75ನೆಯ ಕಲಮಿನ ಶಿಕ್ಷೆ ಅವರಿಗೆ ತಗಲದು. ಆದರೂ ಹಳೆಯ 317 ಅಳಿದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದೇ 12 ವರ್ಷ, ಅದೇ 7 ವರ್ಷಗಳೊಡನೆ 93ನೆಯ ಕಲಮಾಗಿ ಕುಳಿತಿದೆ.

ದಂಡ ಬೇಡವೆನ್ನಲಾಗದು, ಕೂಸಿನ ಪ್ರಾಣ ಅಷ್ಟು ಅಗ್ಗವಲ್ಲ. ಆದರೆ ದಂಡ ಬರುವುದು ಕೂಸು ಬೀದಿಗೆ ಬಿದ್ದ ಮೇಲೆ. ಯಶವಂತನನ್ನು ಉಳಿಸಿದ್ದು ಯಾವ ಕಲಮೂ ಅಲ್ಲ, ಪುಣೆಯಲ್ಲಿ ತೆರೆದಿದ್ದ ಒಂದು ಬಾಗಿಲು.