ಕುದುರೆಯ ಉದರಶೂಲೆ ಮತ್ತು ಕನ್ನಡದ ಅಶ್ವವೈದ್ಯ

ಸಂಗೊಳ್ಳಿ ಎಂದೊಡನೆ 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿದ ರಾಯಣ್ಣನ ನೆನಪು ಬರುವುದು ಸಹಜ. 1824ರ ಅಕ್ಟೋಬರ್ 23ರಂದು ಥ್ಯಾಕರೆ ಹತನಾದ ಕಿತ್ತೂರಿನ ಕಾಳಗವೂ ಆ ನೆನಪಿನೊಡನೆ ಬೆಸೆದುಕೊಂಡಿದೆ. ಈ ಸೀಮೆಯ ವೀರರನ್ನು ನಮ್ಮ ಜನ ಅಶ್ವಾರೂಢರಾಗಿಯೇ ಕಲ್ಪಿಸಿಕೊಂಡಿದ್ದಾರೆ. ಹುಬ್ಬಳ್ಳಿಯ ರಾಣಿ ಚೆನ್ನಮ್ಮನ ಪ್ರತಿಮೆ ಇದಕ್ಕೆ ಸಾಕ್ಷಿ. ಆದರೆ ಕುದುರೆಯನ್ನೇರುವ ವಿದ್ಯೆಗಿಂತ ಅದನ್ನು ಬದುಕಿಸಿಕೊಳ್ಳುವ ವಿದ್ಯೆ ಕಠಿನವಾದುದು. ರಣದ ಗಾಯವಿಲ್ಲದೆ, ಲಾಯದಲ್ಲಿಯೇ, ಒಂದು ರಾತ್ರಿ ಕಳೆಯುವುದರೊಳಗೆ ಕುದುರೆಯನ್ನು ಕೊಲ್ಲಬಲ್ಲದ್ದು ಉದರಶೂಲೆ. ಅದರ ಅರಿವು ನಮ್ಮಲ್ಲಿ ಹೇಗಿತ್ತು, ಇಂದು ಅದನ್ನು ಹೇಗೆ ಓದಬೇಕು ಎಂಬುದೇ ಈ ಲೇಖನದ ವಿಷಯ.

ದಕ್ಷಿಣದ ಅರಸರಿಗೆ ಉತ್ತಮ ಕುದುರೆಗಳು ಬಹುಮಟ್ಟಿಗೆ ಕಡಲಾಚೆಯಿಂದ ಬರಬೇಕಾಗಿದ್ದವು. ಸಾಳುವ ನರಸಿಂಹನು ದಾರಿಯಲ್ಲಿ ಸತ್ತ ಕುದುರೆಗೂ ಬೆಲೆ ತೆರುತ್ತಿದ್ದನೆಂದೂ, ಸಾಕ್ಷಿಗಾಗಿ ವ್ಯಾಪಾರಿಗಳು ಅದರ ಬಾಲವನ್ನು ತಂದೊಪ್ಪಿಸುತ್ತಿದ್ದರೆಂದೂ ಪೋರ್ಚುಗೀಸ್ ಬರಹಗಾರ ನೂನಿಜ್ ತಿಳಿಸುತ್ತಾನೆ. ಬಂದ ಕುದುರೆಗೆ ಹವೆಯೂ ಹೊಸದು, ಮೇವೂ ಹೊಸದು. ಅದಕ್ಕೂ ಮೊದಲು, 13ನೆಯ ಶತಮಾನದ ಕೊನೆಯಲ್ಲಿ ತಮಿಳು ಕರಾವಳಿಯನ್ನು ಕಂಡ ಮಾರ್ಕೊ ಪೋಲೊ, ಅಲ್ಲಿ ಕುದುರೆಗೆ ಅನ್ನ ಮಾಂಸಗಳನ್ನು ತಿನ್ನಿಸುತ್ತಾರೆ, ಅಶ್ವವೈದ್ಯರೇ ಇಲ್ಲ ಎಂದು ಬರೆದಿದ್ದಾನೆ. ಈ ಮಾತನ್ನು ದಕ್ಷಿಣಕ್ಕೆಲ್ಲ ಅನ್ವಯಿಸುವುದು ಉಚಿತವಲ್ಲ.

ಏಕೆಂದರೆ ಪಶುವೈದ್ಯವು ಕನ್ನಡಕ್ಕೆ ಹೊಸದಲ್ಲ. ಚಾಲುಕ್ಯ ರಾಜಪುತ್ರ ಕೀರ್ತಿವರ್ಮನು 12ನೆಯ ಶತಮಾನದ ಆದಿಭಾಗದ ಹೊತ್ತಿಗೆ 'ಗೋವೈದ್ಯ'ವನ್ನು ರಚಿಸಿದನು. ಸುಮಾರು 1400ರಲ್ಲಿ ಅಭಿನವಚಂದ್ರನು 'ಅಶ್ವವೈದ್ಯ'ವನ್ನು ಬರೆದನು. 17ನೆಯ ಶತಮಾನದಲ್ಲಿ ಮೈಸೂರಿನ ಪದ್ಮಣ ಪಂಡಿತನಿಂದ 'ಹಯಸಾರ ಸಮುಚ್ಚಯ' ಹುಟ್ಟಿತು. ಕೆಳದಿಯ ಬಸವಪ್ಪನಾಯಕನು 18ನೆಯ ಶತಮಾನದ ಆದಿಯಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಶಿವತತ್ತ್ವರತ್ನಾಕರ'ದಲ್ಲಿಯೂ ಅಶ್ವಶಾಸ್ತ್ರಕ್ಕೆ ಸ್ಥಾನವುಂಟು. ಇವೆಲ್ಲಕ್ಕೂ ಹಿನ್ನೆಲೆಯಾಗಿ ಶಾಲಿಹೋತ್ರನ ಹೆಸರಿನಲ್ಲಿ ಬೆಳೆದುಬಂದ ಸಂಸ್ಕೃತ ಪರಂಪರೆಯಿದೆ.

ಇಂಥ ಗ್ರಂಥಗಳನ್ನು ಓದುವವರು 'ಶೂಲ' ಎಂಬ ಮಾತಿನಲ್ಲಿ ಎಡವುವ ಸಂಭವವಿದೆ. ಶೂಲವು ಒಂದು ರೋಗದ ಹೆಸರಲ್ಲ, ನೋವಿನ ಹೆಸರು. ಆ ನೋವಿಗೆ ಕಾರಣಗಳು ಹಲವು. ಕುದುರೆಯ ಶರೀರರಚನೆಯನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಅಷ್ಟು ದೊಡ್ಡ ಪ್ರಾಣಿಯ ಜಠರವು ಹೆಚ್ಚೆಂದರೆ 15 ಲೀಟರಿನಷ್ಟನ್ನು ಹಿಡಿಯುವಂಥದು. ಅದರ ಬಾಯಿಯ ಸ್ನಾಯು ಬಿಗಿಯಾಗಿರುವುದರಿಂದ ಕುದುರೆ ವಾಂತಿ ಮಾಡಲಾರದು. ಮೇವಿನ ನಾರು ಕೊಳೆತು ಪಚನವಾಗುವುದು ದೊಡ್ಡ ಕರುಳಿನಲ್ಲಿ. ಆ ಕರುಳು ಒಂದೆಡೆ ವಿಶಾಲವಾಗಿ, ಮತ್ತೊಂದೆಡೆ ಹಠಾತ್ತನೆ ಕಿರಿದಾಗಿ ಮಡಿಚಿಕೊಂಡಿದೆ. ಒಣಮೇವು ಹೆಚ್ಚಾಗಿ ನೀರು ಕಡಿಮೆಯಾದರೆ ಮಲವು ಆ ಮಡಿಕೆಯಲ್ಲಿಯೇ ಕಟ್ಟಿಕೊಳ್ಳುತ್ತದೆ. ಧಾನ್ಯ ಅತಿಯಾದರೆ ವಾಯು ತುಂಬುತ್ತದೆ. ಹುಳುವಿನ ಮರಿಗಳು ಕರುಳಿನ ರಕ್ತನಾಳವನ್ನು ಹೊಕ್ಕು ರಕ್ತದ ಹರಿವನ್ನು ತಡೆಯಬಲ್ಲವು. ಕರುಳೇ ತಿರುಚಿಕೊಳ್ಳುವುದು ಎಲ್ಲಕ್ಕಿಂತ ಭಯಂಕರ.

ಹೊರಗೆ ಕಾಣುವ ಚಿಹ್ನೆಗಳು ಮಾತ್ರ ಬಹುಮಟ್ಟಿಗೆ ಒಂದೇ: ಮುಂಗಾಲಿನಿಂದ ನೆಲ ಕೆರೆಯುವುದು, ಪಕ್ಕೆಯತ್ತ ತಿರುಗಿ ನೋಡುವುದು, ಬೆವರುವುದು, ಬಿದ್ದು ಹೊರಳಾಡುವುದು. ಆದುದರಿಂದ ಇಂದಿನ ವೈದ್ಯನು ಮೊದಲು ನಾಡಿಯನ್ನು ಎಣಿಸುತ್ತಾನೆ. ಆರೋಗ್ಯವಂತ ಕುದುರೆಯ ನಾಡಿ ನಿಮಿಷಕ್ಕೆ 28ರಿಂದ 44. ಅದು 60ನ್ನು ಮೀರಿ ಇಳಿಯದಿದ್ದರೆ ಅಪಾಯ ಸಮೀಪಿಸಿದೆಯೆಂದು ತಿಳಿಯಬೇಕು. ವಸಡಿನ ಬಣ್ಣವನ್ನು ನೋಡಿ, ಕರುಳಿನ ಸದ್ದನ್ನು ಆಲಿಸಿ, ಗುದದ್ವಾರದಿಂದ ಕೈಯಿಟ್ಟು ಕರುಳಿನ ಸ್ಥಿತಿಯನ್ನು ಪರೀಕ್ಷಿಸುತ್ತಾನೆ. ನೋವು ಹಠಾತ್ತನೆ ಅಡಗಿ ನಾಡಿ ಮಾತ್ರ ಏರುತ್ತ ಹೋದರೆ ಅದು ಗುಣವಲ್ಲ. ಕರುಳು ಸತ್ತುದರ ಸೂಚನೆಯಾಗಿರಬಹುದು.

ಚಿಕಿತ್ಸೆಯಲ್ಲಿ ಹಳತು ಹೊಸತುಗಳ ನಡುವೆ ಸಾಮ್ಯವೂ ಭೇದವೂ ಉಂಟು. ಆಯುರ್ವೇದದ ಸ್ನೇಹಪಾನವು ಒಣಗಿದ ಮಲವನ್ನು ಜಾರಿಸುವ ಉಪಾಯ. ಇಂದೂ ಮಲಬದ್ಧತೆಗೆ ಎಣ್ಣೆಯನ್ನು ಕೊಡುವುದುಂಟು. ಆದರೆ ನಮ್ಮ ಹಳ್ಳಿಗಳಲ್ಲಿ ದನಕ್ಕೆ ಕುಡಿಸುವಂತೆ ಬಿದಿರಿನ ಗೊಟ್ಟದಿಂದ ಕುದುರೆಯ ಬಾಯಿಗೆ ಎಣ್ಣೆ ಹೊಯ್ದರೆ ಅದು ಶ್ವಾಸಕೋಶವನ್ನು ಸೇರಿ ಪ್ರಾಣಕ್ಕೆರವಾದೀತು. ಇಂದಿನ ವೈದ್ಯನು ಮೂಗಿನ ಮೂಲಕ ಜಠರಕ್ಕೆ ನಳಿಕೆಯನ್ನು ಇಳಿಸುತ್ತಾನೆ. ವಾಂತಿಯಾಗಿ ಹೊರಬರಲಾರದ ವಾಯು ದ್ರವಗಳನ್ನು ಮೊದಲು ಅದರಿಂದಲೇ ಹೊರಗೆಳೆಯುತ್ತಾನೆ. ಜಠರ ತುಂಬಿರುವಾಗ ಎಣ್ಣೆ ಸಲ್ಲದು. ತಿರುಚಿದ ಕರುಳಿಗಂತೂ ಶಸ್ತ್ರಚಿಕಿತ್ಸೆಯೊಂದೇ ದಾರಿ. ಅಲ್ಲಿ ಎಣ್ಣೆಯಾಗಲಿ ಕಷಾಯವಾಗಲಿ ಕಾಲಹರಣವೇ ಸರಿ.

ಹೀಗಿರುವಲ್ಲಿ ಪ್ರಾಚೀನ ಅಶ್ವವೈದ್ಯವನ್ನು ಸರ್ವಜ್ಞವೆಂದು ಹೊಗಳುವುದೂ ಮೂಢನಂಬಿಕೆಯೆಂದು ತೆಗಳುವುದೂ ಸಮನಾಗಿ ತಪ್ಪು. ಒಂದು ಪದ್ಯದ 'ಶೂಲ' ಮಲಬದ್ಧತೆಯೋ, ವಾಯುವೋ, ಕೃಮಿಯೋ ಎಂಬುದನ್ನು ಅಲ್ಲಿನ ಲಕ್ಷಣಗಳನ್ನು ಒಂದೊಂದಾಗಿ ತೂಗಿಯೇ ನಿರ್ಣಯಿಸಬೇಕು. ಆ ಕೆಲಸ ಪಂಡಿತನೊಬ್ಬನಿಂದ ಆಗದು, ಪಶುವೈದ್ಯನೊಬ್ಬನಿಂದಲೂ ಆಗದು. ಇಬ್ಬರೂ ಒಂದೇ ಓಲೆಯ ಮುಂದೆ ಕುಳಿತಾಗ ಮಾತ್ರ ಈ ಗ್ರಂಥಗಳ ನಿಜವಾದ ಬೆಲೆ ತಿಳಿದೀತು.